26 ಕೆಜಿ ಮೂಟೆ ಮತ್ತು ಮಾರದ ಷೇರು

ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆಗಳ ಮೇಲೆ 26 ಕೆಜಿ ಅಂತ ಇರುತ್ತದೆ. ಮೊದಲೆಲ್ಲ 25 ಇರುತ್ತಿತ್ತು. ಈ ಒಂದು ಕೆಜಿ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿದೆ. ಅಂಗಡಿಯವರು ಬೇಳೆ ತೂಗುತ್ತಾ, ತಕ್ಕಡಿಯಿಂದ ಕಣ್ಣೆತ್ತದೆ, "ಒಂದು ಕೆಜಿ ಜಾಸ್ತಿ ತುಂಬಿದ್ರೆ ಜಿಎಸ್‌ಟಿ ಬರಲ್ಲ ಸಾರ್, ಅಷ್ಟೇ" ಅಂದರು.

ಅಷ್ಟೇ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಆದರೆ 25 ಕೆಜಿವರೆಗಿನ ಚೀಲಕ್ಕೆ ಮಾತ್ರ. ಮಿಲ್ಲಿನವರು ಮರುದಿನದಿಂದಲೇ 26 ಕೆಜಿ ಚೀಲದ ಯೋಚನೆ ಮಾಡಿದರು. ಕೆಜಿಗೆ 60 ರೂಪಾಯಿ ಅಂತ ಹಿಡಿದರೆ 25 ಕೆಜಿ ಮೂಟೆಗೆ 75 ರೂಪಾಯಿ ತೆರಿಗೆ. ಒಟ್ಟಿಗೆ ಸಾವಿರದ ಐನೂರು ಎಣಿಸಿ ಮೂಟೆ ಹೊರಿಸಿಕೊಂಡು ಹೋಗೋರಿಗೆ ಅದು ಉಳಿಯಿತು. ಐದು ಕೆಜಿ ಪ್ಯಾಕೆಟ್ ಒಯ್ಯುವವರು ತೆರಿಗೆ ಸೇರಿಸಿ ಕೊಟ್ಟು ಒಯ್ದರು. ಬಿಡಿ ಅಕ್ಕಿಗೆ ತೆರಿಗೆ ಇಲ್ಲ, ನಿಜ. ರೇಷನ್ ಅಕ್ಕಿ ಪುಕ್ಕಟೆ, ಅದೂ ನಿಜ. ಆದರೂ ಒಂದೇ ಅಕ್ಕಿಗೆ ಒಟ್ಟಿಗೆ ದುಡ್ಡಿರುವವನಿಗೆ ಒಂದು ರೇಟು, ಸ್ವಲ್ಪ ಸ್ವಲ್ಪ ತರುವವನಿಗೆ ಇನ್ನೊಂದು ಅಂತಾಯಿತಲ್ಲ, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಇದನ್ನು ಬೇಕಂತಲೇ ಯಾರೂ ಮಾಡಿದ್ದಲ್ಲ. ಆದರೆ ನಮ್ಮ ತೆರಿಗೆ ವ್ಯವಸ್ಥೆಯ ಸ್ವಭಾವ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಓಡಾಡುವ ದುಡ್ಡನ್ನು ಅದು ಹಿಡಿಯುತ್ತದೆ. ಸಂಬಳ ಖಾತೆಗೆ ಬಿದ್ದಾಗ, ಸೋಪು ಕೊಂಡಾಗ, ಪೆಟ್ರೋಲ್ ಹಾಕಿಸಿದಾಗ, ಯುಪಿಐ ಟಿಂಗ್ ಅಂದಾಗ. ಕೂತಲ್ಲೇ ಬೆಳೆಯುವ ದುಡ್ಡು ಅದರ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬಡವರ ದುಡ್ಡಿಗೆ ಕೂರುವ ಯೋಗ ಇಲ್ಲ, ತಿಂಗಳ ಕೊನೆಯೊಳಗೆ ಪೂರ್ತಿ ಓಡಿಹೋಗಿರುತ್ತದೆ. ದೊಡ್ಡ ಶ್ರೀಮಂತರ ದುಡ್ಡು ಬಹುಪಾಲು ಕೂತೇ ಇರುತ್ತದೆ.

ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಆಗಾಗ ಬರುತ್ತದೆ. "ತೆರಿಗೆ ಕಟ್ಟೋರು ನಾವು, ಬಿಟ್ಟಿ ಭಾಗ್ಯ ಅವರಿಗೆ." ಅರ್ಧ ಸತ್ಯ ಇದೆ. 2024ರ ಜುಲೈ 31ರ ಗಡುವಿಗೆ ದೇಶದಲ್ಲಿ ಸಲ್ಲಿಕೆಯಾದ ಆದಾಯ ತೆರಿಗೆ ರಿಟರ್ನ್ಸ್ ಸುಮಾರು 7.28 ಕೋಟಿ. 140 ಕೋಟಿ ಜನರ ದೇಶದಲ್ಲಿ ಅದು ಚಿಕ್ಕ ಗುಂಪೇ. ರಿಟರ್ನ್ಸ್ ಹಾಕಿದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರ ತೆರಿಗೆ ಸೊನ್ನೆ. ಆದರೆ ಆದಾಯ ತೆರಿಗೆ ಕಟ್ಟದವರು ತೆರಿಗೆಯನ್ನೇ ಕಟ್ಟಲ್ಲ ಅನ್ನೋದು ಸುಳ್ಳು. ಆ ಗ್ರೂಪಿನಲ್ಲಿ ಇರುವವರ ಮನೆಗೆ ಕೆಲಸಕ್ಕೆ ಬರುವ ಅಕ್ಕ ಮೊಬೈಲಿಗೆ 299 ರೂಪಾಯಿ ರೀಚಾರ್ಜ್ ಮಾಡಿಸಿದರೆ ಅದರಲ್ಲಿ 45 ರೂಪಾಯಿಗೂ ಜಾಸ್ತಿ ಜಿಎಸ್‌ಟಿ. ಮನೆಯ ಯಜಮಾನ ಅದೇ ರೀಚಾರ್ಜ್ ಮಾಡಿಸಿದರೂ ಅಷ್ಟೇ. ಆಕೆಯ ಗಂಡ ಡೆಲಿವರಿ ಕೆಲಸದಲ್ಲಿದ್ದರೆ 2025ರ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿ 40 ರೂಪಾಯಿಗೂ ಮೇಲೆ ಕಟ್ಟುತ್ತಾನೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತಲ್ಲ, ಆಗ ಲೀಟರಿಗೆ ಮೂರು ರೂಪಾಯಿ ಏರಿದ್ದು ಬೆಂಜ್ ಕಾರಿಗೂ ಸ್ಪ್ಲೆಂಡರ್ ಬೈಕಿಗೂ ಒಂದೇ.

ಒಂದು ಲೆಕ್ಕ ಹಾಕೋಣ. ಅಂದಾಜಿನ ಲೆಕ್ಕ, ನಾನೇ ಹಾಕಿದ್ದು. ತಿಂಗಳಿಗೆ 20,000 ಬರುವ ಮನೆ. ಬಾಡಿಗೆಗೆ ಜಿಎಸ್‌ಟಿ ಇಲ್ಲ, ಹಾಲು ತರಕಾರಿಗೆ ಇಲ್ಲ. ಆದರೆ ಪೆಟ್ರೋಲ್, ರೀಚಾರ್ಜ್, ಸೋಪು, ಎಣ್ಣೆ, ಗ್ಯಾಸು, ಔಷಧಿ, ಬಟ್ಟೆ, ಮಗಳ ಫೋನಿನ ಕಂತು ಎಲ್ಲ ಸೇರಿಸಿದರೆ ಸಾವಿರದ ಐನೂರಾದರೂ ತೆರಿಗೆಯಾಗಿ ಹೋಗುತ್ತದೆ. ಅಂದರೆ ಆದಾಯದ ಶೇ 7.5. ಇನ್ನೊಂದು ಕಡೆ ಷೇರಿನ ಬೆಲೆ ಏರಿ ವರ್ಷಕ್ಕೆ ಹತ್ತು ಕೋಟಿ ಬೆಳೆಯುವ ಮನೆ. ತಿಂಗಳಿಗೆ ಐದು ಲಕ್ಷ ಧಾರಾಳವಾಗಿ ಖರ್ಚು ಮಾಡುತ್ತಾರೆ ಅನ್ನಿ. ಅದರಲ್ಲಿ 60,000 ತೆರಿಗೆ ಅನ್ನಿ. ವರ್ಷಕ್ಕೆ ಏಳು ಲಕ್ಷದ ಇಪ್ಪತ್ತು ಸಾವಿರ. ಆ ಹತ್ತು ಕೋಟಿಗೆ ಹೋಲಿಸಿದರೆ ಶೇ 1 ಕೂಡ ಇಲ್ಲ.

ಇಲ್ಲಿ ಒಂದು ಎಚ್ಚರ. 2023ರ ಆಕ್ಸ್‌ಫ್ಯಾಮ್ ವರದಿಯಿಂದ ಬಂದ ಒಂದು ಅಂಕಿ ಇವತ್ತಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. ಜಿಎಸ್‌ಟಿಯ ಶೇ 64ರಷ್ಟನ್ನು ಕೆಳಗಿನ ಅರ್ಧ ಜನ ಕಟ್ಟುತ್ತಾರೆ, ಮೇಲಿನ ಶೇ 10 ಜನ ಬರೀ 3–4 ಕಟ್ಟುತ್ತಾರೆ ಅಂತ. ನನಗೆ ಇದು ನಂಬಿಕೆಯಾಗುವುದಿಲ್ಲ. ದೇಶದ ಒಟ್ಟು ಖರ್ಚಿನಲ್ಲಿ ಕೆಳಗಿನ ಅರ್ಧ ಜನರ ಪಾಲೇ ಅಷ್ಟಿಲ್ಲ. ಅವರು ಖರ್ಚು ಮಾಡುವುದರಲ್ಲಿ ಊಟದ ಸಾಮಾನೇ ಜಾಸ್ತಿ, ಅದಕ್ಕೆ ತೆರಿಗೆ ಕಡಿಮೆ. ಹೋಟೆಲು, ಕಾರು, ಎಸಿ, ವಿಮಾನ ಎಲ್ಲ ಮೇಲಿನವರದ್ದು. ರೂಪಾಯಿ ಲೆಕ್ಕದಲ್ಲಿ ಜಿಎಸ್‌ಟಿ ಜಾಸ್ತಿ ಕೊಡುವವರು ಉಳ್ಳವರೇ. ತೊಂದರೆ ಇರುವುದು ಆದಾಯಕ್ಕೆ ಹೋಲಿಸಿದಾಗ ಅದು ಎಷ್ಟು ಪಾಲು ಅನ್ನೋದರಲ್ಲಿ. ಸರಿಯಾದ ವಾದಕ್ಕೆ ತಪ್ಪು ಅಂಕಿ ಕಟ್ಟಿದರೆ ವಾದವೇ ಬೀಳುತ್ತದೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. 12 ಮತ್ತು 28ರ ಹಂತ ಹೆಚ್ಚುಕಡಿಮೆ ಹೋಗಿ 5, 18 ಉಳಿದವು, ಜೊತೆಗೆ ಐಷಾರಾಮಿ ಸಾಮಾನಿಗೆ 40 ಬಂತು. ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ ಇಳಿದವು. ಬಿಸ್ಕತ್ತೂ ಅಷ್ಟೇ. ಸಣ್ಣ ಮನೆಗಳಿಗೆ ಇದು ಒಳ್ಳೆಯದೇ. ರೀಚಾರ್ಜ್ ಮಾತ್ರ 18ರಲ್ಲೇ ನಿಂತಿದೆ. ಫೋನಿಲ್ಲದೆ ಕೂಲಿ ಕೆಲಸವೂ ಸಿಗದ ಕಾಲದಲ್ಲಿ ಅದು ಯಾಕೆ ಐಷಾರಾಮಿಯ ಪಕ್ಕ ಕೂತಿದೆಯೋ ಗೊತ್ತಿಲ್ಲ.

ಸುಲಭವಾಗಿ ಸಿಗುವ ದುಡ್ಡು ಅಂದೆನಲ್ಲ, ಅದಕ್ಕೆ 2025ರ ಜುಲೈ ತಿಂಗಳ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮಾಹಿತಿ ಇಟ್ಟುಕೊಂಡು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿಗಳಿಗೆ ಸಾವಿರಾರು ನೋಟಿಸ್ ಕಳಿಸಿತು. ವರ್ಷಕ್ಕೆ ಸರಕು ಮಾರಾಟ 40 ಲಕ್ಷ, ಸೇವೆ 20 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿತ್ತು, ನೀವು ಮಾಡಿಸಿಲ್ಲ ಅಂತ. ಒಂದು ವಾರದಲ್ಲಿ ಕ್ಯೂಆರ್ ಕೋಡಿನ ಸ್ಟಿಕ್ಕರ್ ಮೇಲೆ ಕಾಗದ ಅಂಟಿತು: ನೋ ಯುಪಿಐ, ಓನ್ಲಿ ಕ್ಯಾಶ್. ಸಿಗರೇಟು, ಹಾಲು ಮಾರುವ ಅಂಗಡಿಗೆ 40 ಲಕ್ಷದ ವಹಿವಾಟು ಅಂದರೆ ದಿನಕ್ಕೆ ಹನ್ನೊಂದು ಸಾವಿರ. ಅದರಲ್ಲಿ ಅವರಿಗೆ ಉಳಿಯುವುದು ನೂರಕ್ಕೆ ಐದೋ ಹತ್ತೋ. ವಹಿವಾಟನ್ನೇ ಲಾಭ ಅಂತ ಓದಿದರೆ ಎಲ್ಲರೂ ಸಾಹುಕಾರರೇ! ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಅಂದ ಮೇಲೆ ಅವರು ಕೊಟ್ಟಿದ್ದ ಬಂದ್ ಕರೆ ವಾಪಸಾಯಿತು.

ಅಂಗಡಿಯವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಬಿಲ್ ಬೇಕಾ ಬೇಡ್ವಾ ಅಂತ ಕೇಳಿ ಎರಡು ರೇಟು ಹೇಳುವವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಕಂಪ್ಯೂಟರ್ ಹುಡುಕಲು ಹೋದದ್ದು ಎಲ್ಲಿಗೆ ಅನ್ನೋದು ಗಮನಿಸಬೇಕಾದದ್ದು. ಹತ್ತಿಪ್ಪತ್ತು ರೂಪಾಯಿಗಳ ಟಿಂಗ್ ಟಿಂಗ್ ಎಣಿಸಲು ಸುಲಭ.

ಈಗ ಆದಾಯ ತೆರಿಗೆಗೆ ಬರೋಣ. ಇಲ್ಲಾದರೂ ಶ್ರೀಮಂತರು ಜಾಸ್ತಿ ಕಟ್ಟುತ್ತಾರೆ ಅಲ್ವಾ? ಸಂಬಳದ ಶ್ರೀಮಂತರು ಖಂಡಿತ ಕಟ್ಟುತ್ತಾರೆ. ಮೂವರನ್ನು ತೆಗೆದುಕೊಳ್ಳಿ. ಮೂವರಿಗೂ ಈ ವರ್ಷ ಒಂದು ಕೋಟಿ ಬಂತು. ಒಬ್ಬರು ವೈಟ್‌ಫೀಲ್ಡಿನ ಕಂಪನಿಯಲ್ಲಿ ದೊಡ್ಡ ಹುದ್ದೆ, ಒಂದು ಕೋಟಿ ಸಂಬಳ. 2025ರ ಬಜೆಟ್ಟಿನ ಹೊಸ ಪದ್ಧತಿಯಲ್ಲಿ ತೆರಿಗೆಯ ಮೇಲೆ ಬೀಳುವ ಸರ್‌ಚಾರ್ಜು, ಸೆಸ್ಸು ಸೇರಿ ಅವರು ಕಟ್ಟುವುದು ಸುಮಾರು 29 ಲಕ್ಷದ 25 ಸಾವಿರ. ಅದೂ ಕೈಗೆ ಬರುವ ಮೊದಲೇ ಟಿಡಿಎಸ್ ಆಗಿ ಕತ್ತರಿಸಿರುತ್ತದೆ. ಎರಡನೆಯವರು ಕೆಲಸ ಮಾಡಲಿಲ್ಲ, ವರ್ಷಕ್ಕಿಂತ ಹಳೆಯ ಷೇರು ಮಾರಿ ಒಂದು ಕೋಟಿ ಲಾಭ ಮಾಡಿದರು. ಅವರಿಗೆ ದರ ಶೇ 12.5. ಎಲ್ಲ ಸೇರಿ ಹದಿಮೂರೂವರೆ ಲಕ್ಷದ ಆಸುಪಾಸು. ಮೂರನೆಯವರ ಷೇರಿನ ಬೆಲೆ ಒಂದು ಕೋಟಿ ಏರಿತು, ಅವರು ಮಾರಲಿಲ್ಲ. ಅವರ ತೆರಿಗೆ ಸೊನ್ನೆ. ಕಾನೂನಿನ ಕಣ್ಣಿನಲ್ಲಿ ಅವರಿಗೆ ಏನೂ ಬಂದೇ ಇಲ್ಲ.

ಮಾರದಿದ್ದರೆ ಖರ್ಚಿಗೆ ಏನು ಮಾಡುತ್ತಾರೆ? ಸಾಲ ತೆಗೆಯುತ್ತಾರೆ. ಷೇರು ಅಡವಿಟ್ಟು ಸಾಲ. ಸಾಲ ಆದಾಯವಲ್ಲ, ಅದಕ್ಕೆ ತೆರಿಗೆ ಇಲ್ಲ. ನಮ್ಮ ಊರುಗಳಲ್ಲಿ ಕಷ್ಟ ಬಂದಾಗ ಸರ ಅಡವಿಡುತ್ತಾರೆ, ಅಲ್ಲಿ ಸುಖವಾಗಿದ್ದಾಗ ಷೇರು ಅಡವಿಡುತ್ತಾರೆ.

ಷೇರಿನ ಮೇಲಿನ ಈ ಮೃದು ಮನಸ್ಸು ಹೊಸದಲ್ಲ. 2004ರಿಂದ 2018ರವರೆಗೆ ದೀರ್ಘಾವಧಿ ಷೇರು ಲಾಭಕ್ಕೆ ತೆರಿಗೆಯೇ ಇರಲಿಲ್ಲ. 2018ರಲ್ಲಿ ಶೇ 10 ಬಂತು, 2024ರ ಜುಲೈಯಲ್ಲಿ 12.5 ಆಯಿತು. ಅದೇ ಹೊತ್ತಿಗೆ ಮೇಲ್ತುದಿಯಲ್ಲಿ ಇನ್ನೊಂದು ಸಡಿಲಿಕೆ ಆಗಿತ್ತು. ವರ್ಷಕ್ಕೆ ಐದು ಕೋಟಿ ದಾಟಿದವರ ಸರ್‌ಚಾರ್ಜನ್ನು 2023ರಲ್ಲಿ ಹೊಸ ಪದ್ಧತಿಯಡಿ 37ರಿಂದ 25ಕ್ಕೆ ಇಳಿಸಿದರು. ಅವರ ಗರಿಷ್ಠ ದರ ಶೇ 42.74 ಇದ್ದದ್ದು 39ಕ್ಕೆ ಬಂತು.

ಕಂಪನಿಗಳಿಗೂ ಅಷ್ಟೇ. 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆಯನ್ನು 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಸರ್ಕಾರವೇ ಹೇಳಿತ್ತು. ಹೂಡಿಕೆ ಬರುತ್ತದೆ, ಕೆಲಸ ಬರುತ್ತದೆ ಅನ್ನೋದು ಆಗಿನ ಮಾತು. ಏನಾಯಿತು ಅನ್ನೋದಕ್ಕೆ ಸರ್ಕಾರದ್ದೇ ದಾಖಲೆ ಇದೆ. 2024–25ರ ಆರ್ಥಿಕ ಸಮೀಕ್ಷೆಯ ಪ್ರಕಾರ ದೊಡ್ಡ ಕಂಪನಿಗಳ ಲಾಭ 2023–24ರಲ್ಲಿ 15 ವರ್ಷಗಳಲ್ಲೇ ಎತ್ತರದಲ್ಲಿತ್ತು. ಲಾಭ ಶೇ 22.3 ಏರಿದ ವರ್ಷ ಆ ಕಂಪನಿಗಳ ಕೆಲಸಗಾರರ ಸಂಖ್ಯೆ ಏರಿದ್ದು ಶೇ 1.5 ಮಾತ್ರ. ಈಗ ಕಂಪನಿಗಳೆಲ್ಲ ಸೇರಿ ಕಟ್ಟುವ ತೆರಿಗೆಗಿಂತ ವೈಯಕ್ತಿಕ ಆದಾಯ ತೆರಿಗೆಯ ಸಂಗ್ರಹವೇ ಜಾಸ್ತಿ. ವೈಟ್‌ಫೀಲ್ಡಿನವರ ಸಿಟ್ಟಿಗೆ ಕಾರಣ ಇದೆ. ಆದರೆ ಅವರು ಬೊಟ್ಟು ಮಾಡುವ ದಿಕ್ಕು ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಅವರು ಕೆಳಗೆ ನೋಡುತ್ತಾರೆ.

ಹಾಗಾದರೆ ಕೂತ ದುಡ್ಡನ್ನು ಹಿಡಿಯಲು ಈ ದೇಶ ಪ್ರಯತ್ನವೇ ಮಾಡಲಿಲ್ಲವೇ? ಮಾಡಿತ್ತು. 1953ರಲ್ಲಿ ಎಸ್ಟೇಟ್ ಸುಂಕ ಬಂತು. ಅಂದರೆ ಸತ್ತವರು ಬಿಟ್ಟುಹೋದ ದೊಡ್ಡ ಆಸ್ತಿಯ ಮೇಲಿನ ತೆರಿಗೆ. 1957ರಲ್ಲಿ, ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಕೊಟ್ಟ ಸಲಹೆಯ ಬೆನ್ನಿಗೆ, ಸಂಪತ್ತಿನ ತೆರಿಗೆ ಬಂತು. ಆದಾಯ ತೆರಿಗೆಯಂತೂ 1973–74ರಲ್ಲಿ ಮೇಲಿನ ಹಂತಕ್ಕೆ ಶೇ 97.75ಕ್ಕೆ ಏರಿತ್ತು. ನೂರು ರೂಪಾಯಿ ದುಡಿದರೆ ಕೈಯಲ್ಲಿ ಎರಡೂಕಾಲು. ಅಷ್ಟು ಹಾಕಿದರೆ ಯಾರು ತಾನೇ ತೋರಿಸುತ್ತಾರೆ? ಕಪ್ಪು ಹಣ ಅನ್ನೋ ಮಾತು ಮನೆಮಾತಾದದ್ದರಲ್ಲಿ ಆ ದರದ ಪಾಲು ದೊಡ್ಡದು.

ಎಸ್ಟೇಟ್ ಸುಂಕವನ್ನು 1985ರಲ್ಲಿ ವಿ. ಪಿ. ಸಿಂಗ್ ತೆಗೆದರು. ವರ್ಷಕ್ಕೆ ಸುಮಾರು 20 ಕೋಟಿ ಬರುತ್ತಿತ್ತಂತೆ, ವಸೂಲಿಯ ತಲೆನೋವೇ ಜಾಸ್ತಿ. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿ ತೆಗೆದರು. ಬರುತ್ತಿದ್ದದ್ದು ಸಾವಿರ ಕೋಟಿಯ ಆಸುಪಾಸು, ದೇಶದ ಲೆಕ್ಕದಲ್ಲಿ ಚಿಲ್ಲರೆ. ಸಂಪತ್ತಿನ ತೆರಿಗೆ ನಮ್ಮಲ್ಲಿ ನಡೆಯಲ್ಲ ಅನ್ನುವವರೆಲ್ಲ ಈ ಸಾವಿರ ಕೋಟಿಯನ್ನೇ ತೋರಿಸುತ್ತಾರೆ. ಆದರೆ 1990ರ ದಶಕದ ಆರಂಭದಿಂದ ಆ ತೆರಿಗೆಯ ಲೆಕ್ಕಕ್ಕೆ ಷೇರುಗಳೇ ಬರುತ್ತಿರಲಿಲ್ಲ ಅನ್ನೋದನ್ನು ಹೇಳುವುದಿಲ್ಲ. ಚಿನ್ನ, ಕಾರು, ಎರಡನೇ ಮನೆ, ನಗರದ ಖಾಲಿ ಜಾಗ ಇಂಥವಕ್ಕೆ ಮಾತ್ರ ಇತ್ತು. ದೊಡ್ಡವರ ದುಡ್ಡು ಇರುವುದೇ ಷೇರಿನಲ್ಲಿ. ದೊಡ್ಡ ಮೀನು ಆಚೆ ಹೋಗಲು ಬಾಗಿಲಿಟ್ಟು ಬಲೆ ಬೀಸಿ, ಕೊನೆಗೆ ಕೆರೆಯಲ್ಲಿ ಮೀನೇ ಇಲ್ಲ ಅಂದ ಹಾಗೆ.

ಸೈಟಿನ ವಿಷಯವನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಬರೀ ಅಂಬಾನಿ ಅದಾನಿ ಕಡೆ ಕೈ ತೋರಿಸಿದಂತಾಗುತ್ತದೆ. 1990ರ ಸುಮಾರಿಗೆ ಬೆಂಗಳೂರಿನಲ್ಲಿ ಒಂದೆರಡು ಲಕ್ಷಕ್ಕೆ ಸೈಟು ತೆಗೆದುಕೊಂಡ ಅಪ್ಪಂದಿರು ನಮ್ಮಲ್ಲಿ ಬಹಳ ಜನ ಇದ್ದಾರೆ. ಇವತ್ತು ಅದು ಎರಡು ಮೂರು ಕೋಟಿ. ಮೆಟ್ರೋ ಬಂದದ್ದಕ್ಕೆ, ರಸ್ತೆ ಅಗಲವಾದದ್ದಕ್ಕೆ, ಅಂದರೆ ಎಲ್ಲರ ತೆರಿಗೆ ದುಡ್ಡಿನಿಂದ ಆ ಬೆಲೆ ಬಂತು. ಮಗನಿಗೆ ಬರುವಾಗ ಆ ಏರಿಕೆಗೆ ಒಂದು ರೂಪಾಯಿ ತೆರಿಗೆ ಇಲ್ಲ. ವರ್ಷಕ್ಕೊಮ್ಮೆ ಪಾಲಿಕೆಗೆ ಕಟ್ಟುವ ಕಂದಾಯ ಬೇರೆ, ಅದು ಸಾವಿರಗಳ ಮಾತು. ಮಾರಿದರೂ ಆ ದುಡ್ಡಿನಲ್ಲಿ ಇನ್ನೊಂದು ಮನೆ ತೆಗೆದುಕೊಂಡರೆ ವಿನಾಯಿತಿಗೆ ದಾರಿ ಇದೆ. ಅದೇ ಬೀದಿಯ ಬಾಡಿಗೆ ಮನೆಯಲ್ಲಿ, ಹಾವೇರಿಯಿಂದಲೋ ರಾಯಚೂರಿನಿಂದಲೋ ಬಂದು, 80,000 ಸಂಬಳದಲ್ಲಿ ಇರುವ ಹುಡುಗಿ ಎಷ್ಟೇ ದುಡಿದರೂ ಆ ಸೈಟನ್ನು ಮುಟ್ಟಲಾರಳು. ಇಬ್ಬರ ನಡುವಿನ ಅಂತರ ದುಡಿಮೆಯದ್ದಲ್ಲ, ಯಾರ ಅಪ್ಪ ಎಲ್ಲಿ ಇದ್ದರು ಅನ್ನೋದರದ್ದು. ಈ ಸಾಲು ಬರೆಯುವಾಗ ನನಗೂ ಸ್ವಲ್ಪ ಇರುಸುಮುರುಸು ಆಗುತ್ತದೆ.

ಇದಕ್ಕೇ ಇರಬೇಕು, ಪಿತ್ರಾರ್ಜಿತ ತೆರಿಗೆ ಅಂದ ಕೂಡಲೇ ಎಲ್ಲ ಪಕ್ಷಗಳೂ ಹಾವು ತುಳಿದವರ ಹಾಗೆ ಹಾರುವುದು. 2024ರ ಏಪ್ರಿಲ್‌ನಲ್ಲಿ, ಚುನಾವಣೆಯ ನಡುವೆ, ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದ ಅಂಥ ತೆರಿಗೆಯ ಬಗ್ಗೆ ಒಂದು ಮಾತು ಆಡಿದ್ದೇ ತಡ, ದೊಡ್ಡ ಗಲಾಟೆಯೇ ಆಯಿತು. ಅವರ ಪಕ್ಷವೇ ದೂರ ಸರಿಯಿತು.

ಅಂತರ ಎಷ್ಟಿದೆ ಅನ್ನೋದಕ್ಕೆ ಎರಡು ಅಂಕಿಗಳು ಜಗಳವಾಡುತ್ತವೆ. ಪ್ಯಾರಿಸ್ಸಿನ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬಿನವರು, ಥಾಮಸ್ ಪಿಕೆಟ್ಟಿ ಮತ್ತು ಜೊತೆಗಾರರು, 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ಭಾರತದ ಮೇಲಿನ ಶೇ 1 ಜನರ ಕೈಯಲ್ಲಿ 2022–23ರಲ್ಲಿ ಆದಾಯದ ಶೇ 22.6, ಸಂಪತ್ತಿನ ಶೇ 40.1 ಇದೆ. ಇನ್ನೊಂದು ಕಡೆ 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ, ವಿಶ್ವಬ್ಯಾಂಕಿನ 25.5 ಅನ್ನೋ ಗಿನಿ ಸೂಚ್ಯಂಕ (ಕಡಿಮೆ ಇದ್ದಷ್ಟೂ ಸಮಾನತೆ ಜಾಸ್ತಿ) ಹಿಡಿದು, ಭಾರತ ಜಗತ್ತಿನ ಅತಿ ಸಮಾನ ದೇಶಗಳಲ್ಲಿ ನಾಲ್ಕನೆಯದು ಅಂದಿತು. ಎರಡೂ ಬೇರೆ ಬೇರೆ ಅಳತೆ. ಎರಡನೆಯದು ಜನ ಎಷ್ಟು ಖರ್ಚು ಮಾಡುತ್ತಾರೆ ಅನ್ನೋ ಲೆಕ್ಕ. ಸಾವಿರ ಕೋಟಿ ಇದ್ದವನೂ ಉಣ್ಣುವುದು ಒಂದೇ ತಟ್ಟೆ ಅನ್ನ. ಖರ್ಚಿನಲ್ಲಿ ಅಂತರ ಕಡಿಮೆಯೇ ಕಾಣುತ್ತದೆ. ಜೊತೆಗೆ, ಸಮೀಕ್ಷೆಯವರು ಪುಸ್ತಕ ಹಿಡಿದು ವಠಾರಕ್ಕೆ ಹೋಗುತ್ತಾರೆ. ಗೇಟಿನಲ್ಲಿ ಮೂವರು ಸೆಕ್ಯುರಿಟಿ ಇರುವ ವಿಲ್ಲಾಗೆ ಹೋಗುವುದು ಅಷ್ಟು ಸುಲಭವಲ್ಲ.

ತೆರಿಗೆಯಿಂದಲೇ ಎಲ್ಲ ಸರಿಹೋಗುತ್ತದೆ ಅನ್ನುವವರಿಗೂ ಒಂದು ಮಾತು. ಡೆನ್ಮಾರ್ಕಿನಲ್ಲಿ ಬ್ರೆಡ್ಡಿಗೂ ಶೇ 25 ತೆರಿಗೆ ಇದೆ. ನಮ್ಮ ಜಿಎಸ್‌ಟಿಗಿಂತ ಕಠಿಣ. ಆದರೂ ಅದು ಜಗತ್ತಿನ ಹೆಚ್ಚು ಸಮಾನ ದೇಶಗಳಲ್ಲಿ ಒಂದು. ಯಾಕಂದರೆ ಆ ದುಡ್ಡು ಶಾಲೆಯಾಗಿ, ಆಸ್ಪತ್ರೆಯಾಗಿ, ಕೆಲಸ ಹೋದಾಗಿನ ಭತ್ಯೆಯಾಗಿ ವಾಪಸ್ ಬರುತ್ತದೆ. ಯುರೋಪಿನಲ್ಲಿ ಅಂತರ ಕಡಿಮೆ ಮಾಡುವುದರಲ್ಲಿ ವಸೂಲಿಗಿಂತ ಹೀಗೆ ಹಂಚುವುದರ ಪಾಲೇ ದೊಡ್ಡದು. ಆ ಲೆಕ್ಕದಲ್ಲಿ ನಮ್ಮ ಗ್ಯಾರಂಟಿ ಯೋಜನೆಗಳನ್ನು ಬಿಟ್ಟಿ ಅಂತ ಜರೆಯುವುದು ನನಗೆ ಸರಿ ಕಾಣುವುದಿಲ್ಲ. ಬೆಳಿಗ್ಗೆ ಐದೂವರೆಯ ಬಸ್ಸಿನಲ್ಲಿ ಆಧಾರ್ ತೋರಿಸಿ ಟಿಕೆಟ್ ತೆಗೆದುಕೊಳ್ಳುವ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಅಂತ ನೋಡಿದರೆ ಸಾಕು, ಬಹಳ ಜನ ಆ ಅಪಾರ್ಟ್‌ಮೆಂಟ್‌ಗಳಿಗೇ ಹೋಗುತ್ತಿರುತ್ತಾರೆ.

ಆದರೆ ಆ ದುಡ್ಡು ಯಾರಿಂದ ಬರುತ್ತಿದೆ ಅನ್ನೋ ಪ್ರಶ್ನೆ ಬಿಡುವುದಿಲ್ಲ. ಆದಾಯ ತೆರಿಗೆ, ಕಂಪನಿ ತೆರಿಗೆ, ಷೇರು ಲಾಭದ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ. ರಾಜ್ಯದ ಕೈಯಲ್ಲಿ ಇರುವುದು ಜಿಎಸ್‌ಟಿಯ ಪಾಲು, ಪೆಟ್ರೋಲು, ನೋಂದಣಿ ಶುಲ್ಕ, ವಾಹನ ತೆರಿಗೆ, ಮತ್ತೆ ಮದ್ಯ. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ತರುವ ಗುರಿ ಇಟ್ಟುಕೊಂಡಿದ್ದರು. ದುಬಾರಿ ಬಾಟಲಿಗಳ ಬೆಲೆಯನ್ನು 2024ರ ಆಗಸ್ಟ್‌ನಲ್ಲಿ ಸರ್ಕಾರವೇ ಇಳಿಸಿತ್ತು, ಪಕ್ಕದ ರಾಜ್ಯಗಳಲ್ಲಿ ಅಗ್ಗ ಅನ್ನೋ ಕಾರಣಕ್ಕೆ. ಗಾರೆ ಕೆಲಸ ಮುಗಿಸಿ ಸಂಜೆ ಕ್ವಾರ್ಟರ್ ತೆಗೆದುಕೊಳ್ಳುವವನು ಬೇರೆ ರಾಜ್ಯಕ್ಕೆ ಹೋಗುವುದಿಲ್ಲ. ಗೃಹಲಕ್ಷ್ಮಿಗೆ ವರ್ಷಕ್ಕೆ ಬೇಕಾಗುವುದು ಸುಮಾರು 28,000 ಕೋಟಿ. ಹೆಂಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಬೀಳುತ್ತದೆ. ಗಂಡ ದಿನಕ್ಕೊಂದು ಕ್ವಾರ್ಟರಿನವನಾದರೆ, ಅದರಲ್ಲಿ ಎಷ್ಟು ಪಾಲು ಆ ಮನೆಯಿಂದಲೇ ಮೊದಲು ಹೋಗಿರುತ್ತದೆ ಅನ್ನೋ ಲೆಕ್ಕವನ್ನು ಆಕೆ ನಮಗಿಂತ ಚೆನ್ನಾಗಿ ಹಾಕಬಲ್ಲಳು.